ಬರೆದಿಟ್ಟ ಮಾತಿನ ಹೊಣೆ

ಮಾತಿನಲ್ಲಿ ಎರಡು ಬಗೆ. ಎದುರಿಗೆ ಕುಳಿತವರೊಡನೆ ಆಡುವ ಮಾತು ಒಂದು. ಕಣ್ಣಿಗೆ ಕಾಣದವರಿಗಾಗಿ ಬರೆದಿಡುವ ಮಾತು ಮತ್ತೊಂದು. ಎದುರಿಗಿದ್ದವರೊಡನೆ ಆಡುವಾಗ ಮಾತು ಅರೆಬರೆಯಾದರೂ ನಡೆದುಹೋಗುತ್ತದೆ. ಕೇಳುವವರ ಹುಬ್ಬು ಗಂಟಿಕ್ಕಿದ ಕೂಡಲೇ ಹೇಳುವವರು ತಿದ್ದಿ ಹೇಳುತ್ತಾರೆ, ಕೇಳುವವರು ಮರಳಿ ಪ್ರಶ್ನಿಸುತ್ತಾರೆ. ಬರೆದಿಟ್ಟ ಮಾತಿಗೆ ಈ ಅನುಕೂಲವಿಲ್ಲ. ಬರೆದವರು ಮನೆಗೆ ಹೋದ ಮೇಲೂ, ನಿದ್ರಿಸುವಾಗಲೂ ಅದು ಒಂಟಿಯಾಗಿ ನಿಂತು ತನ್ನ ಕೆಲಸ ಮಾಡುತ್ತಿರುತ್ತದೆ. ಆದ್ದರಿಂದಲೇ ಬರೆದಿಟ್ಟ ಮಾತಿನ ಹೊಣೆ ಆಡಿದ ಮಾತಿನ ಹೊಣೆಗಿಂತ ಭಾರವಾದುದು. ಈ ಸತ್ಯವನ್ನು ಬೆಂಗಳೂರಿನ ತಾಯಿಯೊಬ್ಬರು ತಮ್ಮ ಕಾಯಕದ ನಡುವೆ, ತಡವಾಗಿ, ಸ್ವಲ್ಪ ನೋವಿನಿಂದ ಅರಿತುಕೊಂಡರು. ಆ ಅರಿವಿನ ಕಥೆಯೇ ಈ ಬರಹದ ವಸ್ತು.

ಅವರ ವೃತ್ತಿ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ದಾಖಲೆ ಬರೆಯುವುದು. ಎಂಜಿನಿಯರುಗಳು ಉಪಕರಣಗಳನ್ನು ಕಟ್ಟುತ್ತಾರೆ. ಅವುಗಳನ್ನು ಬಳಸುವ ಬಗೆಯನ್ನು ಇವರು ಬರೆದಿಡುತ್ತಾರೆ. ಹದಿನೈದು ವರ್ಷಗಳಿಂದಲೂ ಇದೇ ಕೆಲಸ. ಸಂಸ್ಥೆಯ ಕೋಡ್ ಎಲ್ಲವೂ ಅದರದೇ ಆದ ಒಂದು ಸರ್ವರಿನಲ್ಲಿದೆ. ಅದನ್ನು ನಡೆಸಲು ಒಳಗಿನವರೇ ಮಾಡಿಕೊಂಡ ಒಂದು ಚಿಕ್ಕ ಉಪಕರಣವಿದೆ. ಅದರ ಕೈಪಿಡಿಯ ಪ್ರತಿಯೊಂದು ಪುಟವೂ ಈ ತಾಯಿಯ ಬರವಣಿಗೆಯೇ.

ಈ ಕ್ಷೇತ್ರದ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು ಹೇಳುವುದು ಅಗತ್ಯ. ಹಲವರು ಸೇರಿ ಒಂದೇ ಕೋಡನ್ನು ಬರೆಯುವಾಗ ಯಾರು ಏನನ್ನು ಬದಲಿಸಿದರು ಎಂಬ ಲೆಕ್ಕ ಬೇಕಾಗುತ್ತದೆ. ಆ ಲೆಕ್ಕವಿಡುವ ಗಿಟ್ ಎಂಬ ತಂತ್ರಾಂಶವನ್ನು ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದರು. ಗಿಟ್ ಲೆಕ್ಕದ ಪುಸ್ತಕವಾದರೆ, ಆ ಪುಸ್ತಕಗಳನ್ನು ಒಂದೆಡೆ ಇಟ್ಟು ಎಲ್ಲರಿಗೂ ಒದಗಿಸುವ ಉಗ್ರಾಣಗಳು 2008ರಲ್ಲಿ ಆರಂಭವಾದ ಗಿಟ್‌ಹಬ್, ಅದರ ನಂತರದ ಗಿಟ್‌ಲ್ಯಾಬ್ ಮೊದಲಾದವು. ಮೂಲ ಕೋಡಿಗೆ ಕೈ ಹಚ್ಚದೆ ಪಕ್ಕದಲ್ಲಿ ಮಾಡಿಕೊಳ್ಳುವ ಕೆಲಸದ ಸಾಲಿಗೆ ಬ್ರಾಂಚ್ ಎಂದು ಹೆಸರು. ಆ ಕೆಲಸ ಮುಗಿದ ಮೇಲೆ ‘ಇದನ್ನು ಪರಿಶೀಲಿಸಿ ಮೂಲಕ್ಕೆ ಸೇರಿಸಿರಿ’ ಎಂದು ಮಾಡಿಕೊಳ್ಳುವ ಕೋರಿಕೆಗೆ ಪುಲ್ ರಿಕ್ವೆಸ್ಟ್ ಎಂದು ಹೆಸರು. ಇಷ್ಟು ತಿಳಿದರೆ ಮುಂದಿನ ಮಾತಿಗೆ ಸಾಕು.

ಈ ಕೈಪಿಡಿಗಳನ್ನು ಬಹುಕಾಲ ಮನುಷ್ಯರಷ್ಟೇ ಓದುತ್ತಿದ್ದರು. ಈಚಿನ ವರ್ಷಗಳಲ್ಲಿ ಹೊಸ ಓದುಗನೊಬ್ಬ ಬಂದಿದ್ದಾನೆ. ಅವನೇ ಕೃತಕ ಬುದ್ಧಿಮತ್ತೆಯ ಏಜೆಂಟ್. ಅವನಿಗೆ ಒಂದು ಕೆಲಸ ಒಪ್ಪಿಸಿದರೆ ಕೈಪಿಡಿಯನ್ನು ಓದಿ, ಆಜ್ಞೆಗಳನ್ನು ತಾನೇ ನಡೆಸಿ, ಬಂದ ಉತ್ತರ ನೋಡಿ ಮುಂದಿನ ಹೆಜ್ಜೆ ಇಡುತ್ತಾನೆ. ಇಂಥ ಏಜೆಂಟುಗಳನ್ನು ಹೊರಗಿನ ಉಪಕರಣಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಕಟ್ಟಳೆಯನ್ನು ಆಂತ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. ಮರುವರ್ಷ, 2025ರಲ್ಲಿ, ಕೋಡ್ ಇರುವ ಕಡೆಯಲ್ಲೇ ಏಜೆಂಟುಗಳಿಗೆಂದು ಪ್ರತ್ಯೇಕ ಸೂಚನಾಪತ್ರವೊಂದನ್ನು ಇಡುವ ರೂಢಿಯೂ ಹರಡಿತು. ಓದುಗ ಬದಲಾದ, ಆದರೆ ಕೈಪಿಡಿಗಳು ಬದಲಾಗಲಿಲ್ಲ. ಎಡವಿದ್ದು ಅಲ್ಲಿಯೇ.

2025ರ ಆಷಾಢದ ಒಂದು ಶುಕ್ರವಾರ ಸಂಜೆ ತಂಡದ ಹಿರಿಯರೊಬ್ಬರು ಏಜೆಂಟಿಗೆ ಸರಳವಾದ ಕೆಲಸವೊಂದನ್ನು ಒಪ್ಪಿಸಿದರು. ಸರ್ವರಿನಲ್ಲಿ ನೂರಾರು ಹಳೆಯ ಬ್ರಾಂಚುಗಳು ಕಸದಂತೆ ಬಿದ್ದಿದ್ದವು. ತೆರೆದ ಪುಲ್ ರಿಕ್ವೆಸ್ಟ್ ಇಲ್ಲದ ಬ್ರಾಂಚುಗಳನ್ನು ಅಳಿಸಬೇಕು ಎಂಬುದು ಆಜ್ಞೆ. ಏಜೆಂಟ್ ಕೈಪಿಡಿಯನ್ನು ತೆರೆಯಿತು. ಅದರಲ್ಲಿ ಈ ತಾಯಿ ಬರೆದ ಒಂದು ವಾಕ್ಯವಿತ್ತು: ‘ಈ ಆಜ್ಞೆಯು ತೆರೆದಿರುವ ಎಲ್ಲ ಪುಲ್ ರಿಕ್ವೆಸ್ಟುಗಳನ್ನು ತೋರಿಸುತ್ತದೆ.’ ಏಜೆಂಟ್ ಆ ಆಜ್ಞೆಯನ್ನು ನಡೆಸಿತು. ಮೂವತ್ತು ಹೆಸರುಗಳು ಬಂದವು. ಅವುಗಳಿಗೆ ಸೇರಿದ ಬ್ರಾಂಚುಗಳನ್ನೂ ಮೂಲ ಬ್ರಾಂಚನ್ನೂ ಉಳಿಸಿ ಮಿಕ್ಕವನ್ನೆಲ್ಲ ಅಳಿಸಿತು. ಕೊನೆಗೆ ಕೆಲಸ ಮುಗಿಯಿತೆಂದು ವಿನಯದಿಂದ ವರದಿಯನ್ನೂ ಕೊಟ್ಟಿತು.

ತೆರೆದಿದ್ದ ಪುಲ್ ರಿಕ್ವೆಸ್ಟುಗಳು ಮೂವತ್ತಲ್ಲ, ನಲವತ್ತೊಂದು. ಉಪಕರಣವು ಕೇಳದಿದ್ದರೆ ಹೊಸ ಮೂವತ್ತನ್ನು ಮಾತ್ರ ತೋರಿಸುತ್ತಿತ್ತು. ಮನುಷ್ಯರು ಪರದೆಯ ಮುಂದೆ ಕುಳಿತು ಅದೇ ಆಜ್ಞೆಯನ್ನು ಕೊಟ್ಟರೆ ಮೇಲ್ಗಡೆ ‘41ರಲ್ಲಿ 30’ ಎಂಬ ಸಾಲು ಕಾಣುತ್ತಿತ್ತು. ಆದರೆ ಉತ್ತರವು ಪರದೆಗೆ ಹೋಗದೆ ಇನ್ನೊಂದು ಪ್ರೋಗ್ರಾಮಿಗೆ ಹೋದಾಗ ಆ ಸಾಲು ಮುದ್ರಣವಾಗುತ್ತಿರಲಿಲ್ಲ. ಇದು ಆ ಒಂದು ಉಪಕರಣದ ವಿಚಿತ್ರವಲ್ಲ. ಗಿಟ್‌ಹಬ್‌ನ ಸ್ವಂತ ಕಮಾಂಡ್‌ಲೈನ್ ಉಪಕರಣದ ನಡತೆಯೂ ಹೀಗೆಯೇ. ಯಂತ್ರಕ್ಕೆ ಅಲಂಕಾರದ ಸಾಲು ಬೇಡವೆಂಬ ಒಳ್ಳೆಯ ಉದ್ದೇಶದಿಂದ ಮಾಡಿದ ಏರ್ಪಾಡು ಅದು. ಎಚ್ಚರಿಕೆಯ ಮಾತು ಅಲಂಕಾರದ ಜೊತೆಗೆ ಹೊರಟುಹೋಗಿತ್ತು.

ಹನ್ನೊಂದು ಬ್ರಾಂಚುಗಳು ಹೋದವು. ಹತ್ತು ಬ್ರಾಂಚುಗಳು ಆಯಾ ಎಂಜಿನಿಯರುಗಳ ಕಂಪ್ಯೂಟರಿನಲ್ಲಿ ಇದ್ದವು. ಸೋಮವಾರ ಬೆಳಿಗ್ಗೆಯೇ ಮರಳಿ ಬಂದವು. ಹನ್ನೊಂದನೆಯದು ಗದಗಿನ ಕಡೆಯ ಒಬ್ಬ ತರಬೇತಿ ಹುಡುಗನದು. ಅವನ ಲ್ಯಾಪ್‌ಟಾಪ್ ಹಿಂದಿನ ವಾರವೇ ಕೆಟ್ಟು, ಹೊಸದನ್ನು ಕೊಟ್ಟಿದ್ದರು. ತಾಯಿಗೆ ಹುಷಾರಿಲ್ಲವೆಂದು ಅವನು ಊರಿಗೆ ಹೋಗಿದ್ದ. ಆರು ವಾರಗಳ ಅವನ ದುಡಿಮೆ ಸರ್ವರಿನಲ್ಲಿ ಮಾತ್ರ ಇತ್ತು. ಅವನ ನೌಕರಿ ಕಾಯಂ ಆಗಬೇಕೋ ಬೇಡವೋ ಎಂಬ ತೀರ್ಮಾನ ಅದೇ ವಾರ ಆಗುವುದಿತ್ತು. ತೀರ್ಮಾನಿಸುವವರು ಪುಟ ತೆರೆದು ನೋಡಿದರೆ ಅವನ ಕೋರಿಕೆ ‘ಮುಚ್ಚಲಾಗಿದೆ’ ಎಂದಿತ್ತು. ಒಳಗೆ ಏನೂ ಇರಲಿಲ್ಲ.

ಅವನು ಆಸ್ಪತ್ರೆಯ ಪಡಸಾಲೆಯಿಂದ ಫೋನ್ ಮಾಡಿದ. ಫೋನ್ ಎತ್ತಿಕೊಂಡವರು ಈ ತಾಯಿ.

‘ಮೇಡಂ, ನಂದೇನರ ತಪ್ಪಾಗೇತೇನ್ರಿ? ನಾ ಎಲ್ಲಾ ಪುಶ್ ಮಾಡಿದ್ದೆ ರೀ.’

‘ನಿನ್ನ ತಪ್ಪಿಲ್ಲಪ್ಪ. ತಾಯಿಯವರನ್ನು ನೋಡಿಕೋ. ಇಲ್ಲಿಯದನ್ನು ನಾವು ನೋಡುತ್ತೇವೆ’ ಎಂದರು ಅವರು. ಹಾಗೆ ಹೇಳುವಾಗ ಆ ಕೆಲಸ ಮರಳಿ ಸಿಕ್ಕೀತೆಂಬ ಭರವಸೆ ಅವರಿಗೇ ಇರಲಿಲ್ಲ.

ಗಿಟ್‌ನ ಒಂದು ಗುಣ ಆ ದಿನ ಅವರನ್ನು ಕಾಪಾಡಿತು. ಬ್ರಾಂಚ್ ಎಂಬುದು ಹೆಸರು ಮಾತ್ರ. ಹೆಸರನ್ನು ಅಳಿಸಿದೊಡನೆ ಅದು ತೋರಿಸುತ್ತಿದ್ದ ವಸ್ತು ನಾಶವಾಗುವುದಿಲ್ಲ. ಯಾವ ಹೆಸರಿಗೂ ಸೇರದ ವಸ್ತುಗಳನ್ನು ಗಿಟ್ ಕಸವೆಂದು ಗುಡಿಸುವುದುಂಟು. ಆದರೆ ಬೇರೆ ಏರ್ಪಾಡು ಮಾಡದಿದ್ದರೆ ಎರಡು ವಾರಗಳಷ್ಟು ಹಳತಾಗುವವರೆಗೆ ಅವನ್ನು ಬಿಟ್ಟಿರುತ್ತದೆ. ಅದನ್ನು ಎತ್ತಿಕೊಳ್ಳಬೇಕಾದರೆ ನಲವತ್ತು ಅಕ್ಷರಗಳ ಅದರ ಗುರುತು ಗೊತ್ತಿರಬೇಕು. ಹುಡುಗನ ಕೋಡನ್ನು ಪರೀಕ್ಷಿಸಿದ್ದ ಯಂತ್ರದ ದಿನಚರಿಯಲ್ಲಿ ಆ ಗುರುತು ದೊರೆಯಿತು. ಸರ್ವರ್ ನೋಡಿಕೊಳ್ಳುವವರು ಒಂದೇ ಒಂದು ಆಜ್ಞೆಯಿಂದ ಬ್ರಾಂಚನ್ನು ಮರಳಿ ನಿಲ್ಲಿಸಿದರು. ಹುಡುಗನ ಕೆಲಸ ಉಳಿಯಿತು.

ಆಮೇಲೆ ಸಭೆ ಸೇರಿತು. ತಪ್ಪು ಯಾರದು? ಏಜೆಂಟಿನದು ಎಂದರು ಕೆಲವರು. ಅಳಿಸುವ ಮೊದಲು ಕೇಳಲಿಲ್ಲವೆಂದು ದೂರಿದರು. ಕೆಲಸ ಒಪ್ಪಿಸಿದವರದು ಎಂದರು ಮತ್ತೆ ಕೆಲವರು. ಕೈಪಿಡಿಯ ಹೆಸರನ್ನು ಯಾರೂ ಎತ್ತಲಿಲ್ಲ. ಆ ತಾಯಿ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವರು ಆ ಪುಟವನ್ನು ತೆರೆದು, ತಾವು ಬರೆದ ಸಾಲನ್ನು ಎಲ್ಲರಿಗೂ ತೋರಿಸಿದರು. ‘ಎಲ್ಲ ಎಂದು ಬರೆದವಳು ನಾನು. ಅದು ಎಲ್ಲವಲ್ಲ ಎಂಬುದು ನನಗೆ ಗೊತ್ತಿತ್ತು. ನೋಡಿದವರಿಗೆ ತಿಳಿಯುತ್ತದೆ ಎಂದುಕೊಂಡು ಬಿಟ್ಟೆ’ ಎಂದರು. ಸಭೆ ಒಂದು ಗಳಿಗೆ ಮೌನವಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವರ ವಾಕ್ಯ ಪೂರ್ಣ ಸುಳ್ಳಲ್ಲ. ಮನುಷ್ಯ ಓದುಗನ ಕಣ್ಣಿಗೆ ‘41ರಲ್ಲಿ 30’ ಎಂಬ ಸಾಲು ಬೀಳುತ್ತಿತ್ತು. ಅವನು ವಾಕ್ಯದ ಕೊರತೆಯನ್ನು ತನ್ನ ವಿವೇಕದಿಂದ ತುಂಬಿಕೊಳ್ಳುತ್ತಿದ್ದ. ಅಂದರೆ ಹದಿನೈದು ವರ್ಷ ಆ ಬರಹವನ್ನು ನಡೆಸಿದ್ದು ಬರಹದ ಬಲವಲ್ಲ, ಓದುಗರ ಔದಾರ್ಯ. ಹೊಸ ಓದುಗ ಬರೆದದ್ದನ್ನು ಬರೆದಂತೆಯೇ ನಂಬಿದಾಗ ಸಾಲದ ಲೆಕ್ಕ ಹೊರಬಿತ್ತು.

ಆ ರಾತ್ರಿ ಅವರಿಗೆ ತಂದೆಯ ನೆನಪಾಯಿತು. ತಂದೆ ದಾವಣಗೆರೆಯಲ್ಲಿ ವೈದ್ಯರೊಬ್ಬರ ಬಳಿ ಕಾಂಪೌಂಡರ್ ಆಗಿದ್ದವರು. ಹಳ್ಳಿಗಳಿಂದ ಬರುವವರಲ್ಲಿ ಅನೇಕರಿಗೆ ಓದು ಬರುತ್ತಿರಲಿಲ್ಲ. ಮಾತ್ರೆಯ ಪೊಟ್ಟಣದ ಮೇಲೆ ಅವರು ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಎಂದು ಚಿತ್ರ ಬರೆದು, ಪಕ್ಕದಲ್ಲಿ ಮಾತ್ರೆಯ ಲೆಕ್ಕಕ್ಕೆ ಗೆರೆ ಎಳೆಯುತ್ತಿದ್ದರು. ಅರ್ಧ ಮಾತ್ರೆಯಾದರೆ ಅದನ್ನು ತಾವೇ ಮುರಿದು ಕಟ್ಟಿಕೊಡುತ್ತಿದ್ದರು. ಒಮ್ಮೆ ಮಗಳು, ‘ಅಪ್ಪಾ, ಅವರಿಗೆ ಬಾಯಲ್ಲಿ ಹೇಳಿದ್ದೀರಲ್ಲ, ಮತ್ತೆ ಇಷ್ಟೆಲ್ಲ ಏಕೆ?’ ಎಂದು ಕೇಳಿದ್ದಳು. ‘ಹೇಳಿದ್ದು ಬಸ್ ಸ್ಟ್ಯಾಂಡಿನವರೆಗೆ ಬರುತ್ತದಮ್ಮಾ. ರಾತ್ರಿ ಜ್ವರ ಏರಿದಾಗ ಅವರ ಕೈಯಲ್ಲಿರುವುದು ಪೊಟ್ಟಣ ಮಾತ್ರ’ ಎಂದಿದ್ದರು ತಂದೆ. ಏಜೆಂಟಿನ ಕೈಯಲ್ಲಿರುವುದೂ ಪೊಟ್ಟಣ ಮಾತ್ರವೇ ಎಂಬುದು ಮಗಳಿಗೆ ಈಗ ಹೊಳೆಯಿತು.

ಮಾರನೆಯ ದಿನದಿಂದ ಅವರು ಕೈಪಿಡಿಯನ್ನು ಪದಪದವಾಗಿ ಬಿಡಿಸಿ ನೋಡತೊಡಗಿದರು. ಪರಿಚಿತವಾದ ಪದಗಳೇ ಅತಿ ಹೆಚ್ಚು ಮೋಸ ಮಾಡುತ್ತವೆ ಎಂಬುದು ಅವರ ಮೊದಲ ಅರಿವು. ಆ ಪದಗಳಲ್ಲಿ ನಾಲ್ಕನ್ನು ಇಲ್ಲಿ ವಿಚಾರಿಸಬಹುದು.

ಮೊದಲನೆಯದು ‘ಎಲ್ಲ’. ಪಟ್ಟಿ ಕೊಡುವ ಅನೇಕ ಉಪಕರಣಗಳಿಗೆ ಒಂದು ಮಿತಿಯಿರುತ್ತದೆ. ಗಿಟ್‌ಹಬ್‌ನ ಎಪಿಐ ಸಾಮಾನ್ಯವಾಗಿ ಒಂದು ಪುಟಕ್ಕೆ 30 ಅಂಶಗಳನ್ನು ಕೊಡುತ್ತದೆ. ಗಿಟ್‌ಲ್ಯಾಬ್ 20 ಕೊಡುತ್ತದೆ. ಕೇಳಿದರೆ ಎರಡೂ 100ರವರೆಗೆ ಕೊಡುತ್ತವೆ. ಅದಕ್ಕೂ ಹೆಚ್ಚಿದ್ದರೆ ಮುಂದಿನ ಪುಟವನ್ನು ಕೇಳಬೇಕು. ಆದ್ದರಿಂದ ‘ಎಲ್ಲ’ ಎಂದು ಬರೆಯುವ ಕಡೆಯಲ್ಲೆಲ್ಲ ಎಷ್ಟು, ಯಾವ ಕ್ರಮದಲ್ಲಿ, ಉಳಿದದ್ದು ಇದೆಯೇ ಎಂದು ತಿಳಿಯುವ ಬಗೆ ಹೇಗೆ ಎಂಬ ಮೂರೂ ಮಾತು ಅಲ್ಲಿಯೇ ಇರಬೇಕು. ಇನ್ನೊಂದು ಪುಟದಲ್ಲಿದ್ದರೆ ಸಾಲದು.

ಎರಡನೆಯದು ‘ಇಲ್ಲ’. ಗಿಟ್‌ಹಬ್‌ನಲ್ಲಿ ಖಾಸಗಿ ರೆಪೊಸಿಟರಿಯೊಂದನ್ನು ಹಕ್ಕಿಲ್ಲದವರು ಎಪಿಐ ಮೂಲಕ ಕೇಳಿದರೆ 404 ಎಂಬ ಉತ್ತರ ಬರುತ್ತದೆ. ಅಂದರೆ ‘ಅಂಥದ್ದು ಇಲ್ಲ’. ವಸ್ತು ಇದೆ ಎಂಬ ಗುಟ್ಟನ್ನೂ ಬಿಟ್ಟುಕೊಡಬಾರದೆಂದು ಬೇಕೆಂದೇ ಮಾಡಿದ ಏರ್ಪಾಡು ಇದು. ಕೈಪಿಡಿ ಇದನ್ನು ಹೇಳದಿದ್ದರೆ ಏಜೆಂಟ್ ಏನು ತಿಳಿಯುತ್ತದೆ? ಇಲ್ಲವೆಂದು ನಂಬಿ ಹೊಸದೊಂದನ್ನು ಮಾಡಲು ಹೊರಡಬಹುದು. ಹೆಸರು ತಪ್ಪಿರಬೇಕೆಂದು ಬೇರೆಡೆ ಹುಡುಕಬಹುದು. ‘ಇಲ್ಲ ಎಂಬ ಉತ್ತರಕ್ಕೆ ನಿನಗೆ ಕಾಣುವ ಹಕ್ಕಿಲ್ಲ ಎಂಬ ಅರ್ಥವೂ ಇರಬಹುದು, ಹಾಗಾದಾಗ ಏನನ್ನೂ ಹೊಸದಾಗಿ ಮಾಡದೆ ಕೆಲಸ ಕೊಟ್ಟವರನ್ನು ಕೇಳು’ ಎಂದು ಅವರು ಬರೆದರು.

ಮೂರನೆಯದು ಹೆಸರು. ಗಿಟ್‌ಹಬ್ ಪುಲ್ ರಿಕ್ವೆಸ್ಟ್ ಎನ್ನುವುದನ್ನು ಗಿಟ್‌ಲ್ಯಾಬ್ ಮರ್ಜ್ ರಿಕ್ವೆಸ್ಟ್ ಎನ್ನುತ್ತದೆ. ಗಿಟ್‌ಲ್ಯಾಬ್‌ನಲ್ಲಿ ಒಂದೇ ವಿಷಯಕ್ಕೆ ಎರಡು ಅಂಕಿಗಳುಂಟು. ಒಂದು ಇಡೀ ಸರ್ವರಿಗೆ ಸಲ್ಲುವುದು, ಇನ್ನೊಂದು ಆ ಯೋಜನೆಯೊಳಗೆ ಮಾತ್ರ ಸಲ್ಲುವುದು. ಗಿಟ್‌ಹಬ್‌ನ ಎಪಿಐನಲ್ಲಿ ಇಶ್ಯೂಗಳ ಪಟ್ಟಿ ಕೇಳಿದರೆ ಪುಲ್ ರಿಕ್ವೆಸ್ಟುಗಳೂ ಅದರಲ್ಲಿ ಸೇರಿ ಬರುತ್ತವೆ. ಸೊಗಸಿಗಾಗಿ ಒಂದೇ ವಸ್ತುವನ್ನು ಮೂರು ಹೆಸರಿನಿಂದ ಕರೆಯುವುದು ಕಾವ್ಯದಲ್ಲಿ ಗುಣ, ಕೈಪಿಡಿಯಲ್ಲಿ ದೋಷ. ಅವರು ಇಡೀ ಕೈಪಿಡಿಯಲ್ಲಿ ಒಂದು ವಸ್ತುವಿಗೆ ಒಂದೇ ಹೆಸರನ್ನು ಉಳಿಸಿದರು.

ನಾಲ್ಕನೆಯದು ‘ಬಹುದು’. ‘ಅಳಿಸಬಹುದು’, ‘ಒತ್ತಾಯದಿಂದ ಪುಶ್ ಮಾಡಬಹುದು’ ಎಂಬಂಥ ವಾಕ್ಯಗಳು ಕೈಪಿಡಿಯ ತುಂಬ ಇದ್ದವು. ಬಹುದು ಎಂದರೆ ಸಾಧ್ಯವೆಂದೇ, ಅನುಮತಿಯೆಂದೇ, ಸಲಹೆಯೆಂದೇ? ಅವರು ಪ್ರತಿಯೊಂದು ಆಜ್ಞೆಯ ತಲೆಯಲ್ಲೂ ಇದು ನೋಡುವ ಆಜ್ಞೆಯೋ, ಬದಲಿಸುವ ಆಜ್ಞೆಯೋ, ಮರಳಿ ಬಾರದಂತೆ ಅಳಿಸುವ ಆಜ್ಞೆಯೋ ಎಂದು ಸ್ಪಷ್ಟವಾಗಿ ಬರೆದರು. ಗಿಟ್‌ನಲ್ಲಿ ಬೇರೆಯವರ ಕೆಲಸವನ್ನು ವಿಚಾರಿಸದೆ ಮೇಲೆ ಬರೆಯುವ ಫೋರ್ಸ್ ಎಂಬ ಆಯ್ಕೆಯಿದೆ. ತಾನು ನೋಡಿದ ಮೇಲೆ ಬೇರೆಯವರು ಏನನ್ನಾದರೂ ಸೇರಿಸಿದ್ದರೆ ನಿಂತುಬಿಡುವ ಫೋರ್ಸ್ ವಿತ್ ಲೀಸ್ ಎಂಬ ಆಯ್ಕೆಯೂ ಇದೆ. ಮೊದಲು ಒಂದೇ ಸಾಲಿನಲ್ಲಿದ್ದ ಈ ಎರಡನ್ನು ಅವರು ಬೇರ್ಪಡಿಸಿ, ಯಾವುದನ್ನು ಎಂದು ಬಳಸಬಾರದು ಎಂಬುದನ್ನೂ ಸೇರಿಸಿದರು. ಆಜ್ಞೆಯೊಂದು ಸೋತರೆ ಯಾವ ಸಂಕೇತ ಬರುತ್ತದೆ, ಅದರ ನಂತರ ಮತ್ತೆ ಪ್ರಯತ್ನಿಸಬೇಕೇ ಅಥವಾ ನಿಲ್ಲಬೇಕೇ ಎಂಬ ಪಟ್ಟಿಯನ್ನೂ ಕೊಟ್ಟರು.

ಇಂಥ ಎಚ್ಚರ ಹೊಸದೇನೂ ಅಲ್ಲ. ಯೂನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ 1971ರ ನವೆಂಬರ್‌ನಲ್ಲಿ ಹೊರಬಂದಾಗಲೇ ಅದರ ಪುಟಗಳಲ್ಲಿ ಆಯಾ ಆಜ್ಞೆಯ ದೋಷಗಳಿಗೆಂದು ಒಂದು ಭಾಗವಿತ್ತು. ತನ್ನ ಕೊರತೆಯನ್ನು ತಾನೇ ಹೇಳಿಕೊಳ್ಳುವ ಆ ನಿಷ್ಠುರ ವಿನಯ ಅವರನ್ನು ಬಹುವಾಗಿ ಮುಟ್ಟಿತು. ಗಿಟ್‌ನಲ್ಲಿಯೂ ಪೋರ್ಸಲೇನ್, ಅಂದರೆ ಪಿಂಗಾಣಿ, ಎಂಬ ಹೆಸರಿನ ಆಯ್ಕೆಯೊಂದಿದೆ. ಸ್ಟೇಟಸ್ ಆಜ್ಞೆಗೆ ಅದನ್ನು ಸೇರಿಸಿದರೆ ಪ್ರೋಗ್ರಾಮುಗಳು ಓದುವುದಕ್ಕೆ ತಕ್ಕ, ಆವೃತ್ತಿ ಬದಲಾದರೂ ರೂಪ ಬದಲಾಗದ ಉತ್ತರ ಬರುತ್ತದೆ. ‘ಈ ರೂಪವನ್ನು ಬದಲಿಸುವುದಿಲ್ಲ’ ಎಂದು ಕೊಟ್ಟ ವಚನ ಅದು. ಕೊಟ್ಟ ಮಾತಿಗೆ ತಪ್ಪದ ಉಪಕರಣವನ್ನು ಮಾತ್ರ ಇನ್ನೊಂದು ಯಂತ್ರ ನಂಬಬಲ್ಲದು.

ಈ ಕೆಲಸದ ನಡುವೆ ಹಿರಿಯ ಸಹೋದ್ಯೋಗಿಯೊಬ್ಬರು ಅವರನ್ನು ಕೇಳಿದರು: ‘ಯಂತ್ರಕ್ಕೆ ಇಷ್ಟು ಚೆನ್ನಾಗಿ ಕಲಿಸಿಕೊಟ್ಟರೆ ನಾಳೆ ಆ ಗದಗಿನ ಹುಡುಗನಂಥವರಿಗೆ ಕೆಲಸ ಉಳಿಯುತ್ತದೆಯೇ ಮೇಡಂ? ನಿಮ್ಮ ಕೆಲಸವಾದರೂ ಉಳಿಯುತ್ತದೆಯೇ?’ ಪ್ರಶ್ನೆ ಸುಳ್ಳಲ್ಲ. ಅವರಿಗೆ ಸುಲಭದ ಉತ್ತರ ಸಿಗಲಿಲ್ಲ. ಸಿಕ್ಕಿದಂತೆ ನಟಿಸಲೂ ಇಲ್ಲ. ‘ಅದು ನನಗೂ ಗೊತ್ತಿಲ್ಲ. ಆದರೆ ಕೆಟ್ಟದಾಗಿ ಬರೆದು ನಾನು ಯಾರ ಕೆಲಸವನ್ನೂ ಉಳಿಸಲಾರೆ. ಕೆಟ್ಟ ಬರಹದಿಂದ ಅವನ ಆರು ವಾರ ಹೋಗಿದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ’ ಎಂದಷ್ಟೇ ಹೇಳಿದರು.

ಬರಹದಿಂದಲೇ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆಯೂ ಅವರಿಗೆ ಉಳಿಯಲಿಲ್ಲ. ‘ಇಲ್ಲಿ ಕೈ ಹಾಕಬೇಡಿ’ ಎಂಬ ಫಲಕ ಬೀಗಕ್ಕೆ ಸಮನಲ್ಲ. ಏಜೆಂಟಿಗೆ ಕೊಡುವ ಟೋಕನ್‌ನಲ್ಲಿ ಆ ಕೆಲಸಕ್ಕೆ ಬೇಕಾದಷ್ಟೇ ಹಕ್ಕಿರಬೇಕು. ಮುಖ್ಯ ಬ್ರಾಂಚುಗಳಿಗೆ ಸರ್ವರಿನಲ್ಲೇ ರಕ್ಷಣೆಯಿರಬೇಕು. ಅಳಿಸುವ ಮೊದಲು ಅಳಿಸಲಿರುವುದರ ಪಟ್ಟಿ ಮನುಷ್ಯರ ಕಣ್ಣಿಗೆ ಬೀಳಬೇಕು. ಇವನ್ನು ಅವರು ಎಂಜಿನಿಯರುಗಳಿಂದ ಹಟ ಹಿಡಿದು ಮಾಡಿಸಿದರು. ಮತ್ತೊಂದು ಅಪಾಯವನ್ನೂ ಅವರು ಕೈಪಿಡಿಯಲ್ಲಿ ಸೇರಿಸಿದರು. ಸಾರ್ವಜನಿಕ ರೆಪೊಸಿಟರಿಯ ಇಶ್ಯೂವಿನಲ್ಲಿ ಸಾಮಾನ್ಯವಾಗಿ ಹೊರಗಿನವರೂ ಏನನ್ನು ಬೇಕಾದರೂ ಬರೆಯಬಹುದು. ಅದರೊಳಗೆ ಆಜ್ಞೆಯ ಮುಖವಾಡ ಹಾಕಿದ ಮಾತನ್ನು ಅಡಗಿಸಿ ಏಜೆಂಟನ್ನು ದಾರಿ ತಪ್ಪಿಸಬಹುದೆಂದು ಭದ್ರತಾ ಸಂಶೋಧಕರು 2025ರಲ್ಲಿ ತೋರಿಸಿಕೊಟ್ಟಿದ್ದಾರೆ. ಓದಿದ ಮಾತೆಲ್ಲ ಪಾಲಿಸಬೇಕಾದ ಮಾತಲ್ಲ. ಈ ವಿವೇಕ ಯಂತ್ರಕ್ಕೆ ಎಷ್ಟು ಬೇಕೋ ಮನುಷ್ಯರಿಗೂ ಅಷ್ಟೇ ಬೇಕು.

ಹುಡುಗನ ತಾಯಿ ಗುಣಮುಖರಾದರು. ಅವನ ನೌಕರಿಯೂ ಕಾಯಂ ಆಯಿತು. ಊರಿನಿಂದ ಮರಳಿದ ದಿನ ಅವನು ಹೊಸ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಸಂಜೆ ಬಂದು, ‘ಮೇಡಂ, ಹಳೇದು ನನಗ ತಿಳೀತಿರಲಿಲ್ರಿ. ಕೇಳಾಕ ನಾಚಿಕಿ ಆಗಿ ಸುಮ್ನಿದ್ದೆ. ಇದು ತಿಳೀತು’ ಎಂದ.

ಆ ಮಾತು ಅವರಿಗೆ ಬಹುಮಾನವೂ ಆಯಿತು, ಶಿಕ್ಷೆಯೂ ಆಯಿತು. ಯಂತ್ರಕ್ಕಾಗಿ ತಿದ್ದಿದೆ ಎಂದುಕೊಂಡ ಪುಟಗಳು ಮನುಷ್ಯನೊಬ್ಬನಿಗೂ ಬೇಕಾಗಿದ್ದವು. ಅವನು ಪಕ್ಕದ ಮೇಜಿನಲ್ಲೇ ಕುಳಿತಿದ್ದ. ಕೇಳುವ ಧೈರ್ಯವಿಲ್ಲದೆ ಊಹಿಸಿಕೊಂಡು ಕೆಲಸ ಮಾಡಿದ್ದ. ಓದುಗರೆಲ್ಲ ತಿಳಿದವರು, ತಿಳಿಯದವರು ಬಂದು ಕೇಳುತ್ತಾರೆ ಎಂಬ ನಂಬಿಕೆಯಲ್ಲಿ ಅವರು ಹದಿನೈದು ವರ್ಷ ಬರೆದಿದ್ದರು. ಕೇಳಲಾರದವರು ಮೊದಲಿನಿಂದಲೂ ಇದ್ದರು. ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ಬರೆಯುವ ಕಾಯಕದಲ್ಲಿರುವ ಓದುಗರು ಇದರಿಂದ ಗ್ರಹಿಸಬಹುದಾದುದು ಇಷ್ಟು. ತನ್ನ ವಾಕ್ಯವನ್ನು ಮತ್ತೆ ಕೇಳಲಾರದ ಒಬ್ಬನು ಅದನ್ನೇ ನಂಬಿ ನಡೆಯುತ್ತಾನೆ ಎಂದು ತಿಳಿದು ಬರೆಯಬೇಕು. ಗೊತ್ತಿರುವ ಮಿತಿಯನ್ನು ಮುಚ್ಚಿಡಬಾರದು. ತಪ್ಪಾದರೆ ಪುಟವನ್ನು ತೆರೆದು ತೋರಿಸುವ ಧೈರ್ಯವಿರಬೇಕು. ಆ ತಾಯಿಯ ಮೇಜಿನ ಮೇಲೆ ಈಗ ತಂದೆಯ ಕಾಲದ ಒಂದು ಖಾಲಿ ಪೊಟ್ಟಣವಿದೆ. ಅದರ ಮೇಲೆ ಒಂದು ಹುಟ್ಟುವ ಸೂರ್ಯ, ಒಂದು ಚಂದ್ರ, ಎರಡು ಗೆರೆಗಳು. ಹೊಸ ಪುಟವನ್ನು ಪ್ರಕಟಿಸುವ ಮೊದಲು ಅವರು ಅದನ್ನೊಮ್ಮೆ ನೋಡಿಕೊಂಡು, ‘ಎಲ್ಲ’ ಎಂಬ ಪದ ಎಲ್ಲಿಯಾದರೂ ಉಳಿದಿದೆಯೇ ಎಂದು ಹುಡುಕುತ್ತಾರೆ.